ಉಗುರಿನಷ್ಟು

ಮೂರನೇ ಸಲ ಅದೇ ತಿರುವಿನಲ್ಲಿ ಮುಳ್ಳು ಮೇಲೇರಿತು.
ಇನ್ನೂರ ಮೂವತ್ತು, ಇನ್ನೂರ ನಲವತ್ತು.
ಹಿಂದೆ ಟ್ರೇಲರಿನಲ್ಲಿ ಹದಿನೆಂಟು ಟಗರು,
ಮುಂದೆ ನೆವಾಡದ ಬೋಳು ಏರು,
ರಸ್ತೆಯ ತುಂಬ ಮಿಡತೆ.
ಗಾನಿಷ್ ಮಾವ ಏನೂ ಅನ್ನಲಿಲ್ಲ.
ಪಿಕಪ್ಪನ್ನು ಪಕ್ಕಕ್ಕೆ ನಿಲ್ಲಿಸಿ, ಟೋಪಿ ತೆಗೆದು,
ನಾಯಿಗೆ ಬಾಸ್ಕ್ ಭಾಷೆಯಲ್ಲಿ ಏನೋ ಹೇಳಿದ.
ನಾಯಿಗೆ ಮಾತ್ರ.

ಎಲ್ಕೋ ಊರಿನ ಗ್ಯಾರೇಜಿನವನು ಆಗಲೇ ತೀರ್ಪು ಕೊಟ್ಟಿದ್ದ:
ಗೇರ್‌ಬಾಕ್ಸೇ ಹೋಗಿದೆ, ಹೊಸದು ಹಾಕಿಸಿ, ಆರು ಸಾವಿರ.
ಬಾನೆಟ್ ಎತ್ತದೆಯೇ ಹೇಳಿದನೆಂದು ನನ್ನ ಗುಮಾನಿ.
ಅದಕ್ಕೇ ನಾನು, ಮೈಯಾಲೆನ್,
ಮಾವನ ತಂಗಿಯ ಮಗಳು, ಶಾಲಾ ಬಸ್ಸುಗಳ ಮೆಕ್ಯಾನಿಕ್,
ಭಾನುವಾರವೆಲ್ಲ ಅವನ ಅಂಗಳದಲ್ಲಿ ಅಂಗಾತ,
ಪಿಕಪ್ಪಿನ ಹೊಟ್ಟೆಯ ಕೆಳಗೆ.

ಮೊದಲು ಅಳತೆಕಡ್ಡಿ ಎಳೆದೆ. ಎಣ್ಣೆ ಕೆಂಪಗೇ ಇದೆ,
ಅಂಚಿನಲ್ಲಿ ತುಸು ಕಂದು, ತುಸು ಸೀದ ವಾಸನೆ.
ಮಟ್ಟ ಸರಿ. ಸೋರಿಕೆ ಇಲ್ಲ.
ಆಮೇಲೆ ಗ್ರಿಲ್ಲು: ಕೂಲರಿನ ತಗಡಿನ ಸಂದಿಗಳಲ್ಲಿ
ಮಿಡತೆಯ ಕಾಲು, ಮಿಡತೆಯ ಮೀಸೆ,
ಯಾವುದೋ ಮರದ ಬಿಳೀ ಅರಳೆ.
ಸಿಕ್ಕಿತು! ಅಂದೆ, ದೊಡ್ಡ ಗಂಟಲಲ್ಲಿ.
ಹಳೇ ಹಲ್ಲುಜ್ಜುವ ಬ್ರಷ್ಷು, ತೋಟದ ಪೈಪು, ಒಂದು ಗಂಟೆ.
ಏರು ಹತ್ತಿಸಿ ನೋಡಿದೆವು.
ಇನ್ನೂರ ನಲವತ್ತು.
ಬಾಯಿ ಮುಚ್ಚಿಕೊಂಡು ಇಳಿದೆ.

ಆಗ, ಬೇರೇನೂ ತೋಚದೆ,
ಕೂಲರಿನ ಮೇಲೆ ಅಂಗೈ ಇಟ್ಟೆ.

ತಣ್ಣಗಿತ್ತು.
ರಾತ್ರಿ ಹೊರಗುಳಿದ ಬಕೆಟ್ಟಿನ ಹಾಗೆ.
ಪೆಟ್ಟಿಗೆಯೊಳಗೆ ಎಣ್ಣೆ ಬೇಯುತ್ತಿದೆ, ಒಂದು ಮಾರು ಆಚೆ
ತಣಿಸಬೇಕಾದದ್ದಕ್ಕೆ ಸುದ್ದಿಯೇ ಮುಟ್ಟಿಲ್ಲ.
ಇಷ್ಟು ಹೊತ್ತು ಬಿಸಿಯ ಬೆನ್ನು ಹತ್ತಿದ್ದೆವು,
ತಪ್ಪು ತಣ್ಣಗೆ ಕೂತಿತ್ತು.

ನಡುವೆ ಒಂದು ಕವಾಟ. ಅದರೊಳಗೆ ಕಡಲೆಯಷ್ಟು ಮೇಣ.
ಬಿಸಿ ತಾಗಿದರೆ ಮೇಣ ಕರಗಿ ಹಿಗ್ಗಬೇಕು,
ಒಂದು ಕಡ್ಡಿಯನ್ನು ತಳ್ಳಬೇಕು, ಕೂಲರಿನ ದಾರಿ ತೆರೆಯಬೇಕು.
ಇಲ್ಲವಾದರೆ ಎಣ್ಣೆ ಒಳದಾರಿಯಲ್ಲೇ ಸುತ್ತಿ
ಕುದಿಯುತ್ತ ಹೋದದ್ದು ಕುದಿಯುತ್ತಲೇ ಮನೆಗೆ.

ಬಿಚ್ಚಿ ತಂದು ಮಾವನ ಕೈಗಿಟ್ಟೆ.
ತಿರುಗಿಸಿ ನೋಡಿದ. ಎದ್ದು ಒಳಗೆ ಹೋದ.
ಕಾಫಿ ಕಾಸುವ ಪಾತ್ರೆಯಲ್ಲಿ ನೀರು ಕುದಿಸಿ
ಅದನ್ನು ಒಳಗೆ ಬಿಟ್ಟ.
ಇಬ್ಬರೂ ಬಗ್ಗಿ ನಿಂತೆವು, ಕನ್ನಡಕಕ್ಕೆ ಆವಿ.
ಐದು ನಿಮಿಷ. ಹತ್ತು.
ಕಡ್ಡಿ ಮಿಸುಕಲಿಲ್ಲ.
ಮೊಂಡ, ಅಂದ ಮಾವ.
ಕವಾಟಕ್ಕೋ, ಗ್ಯಾರೇಜಿನವನಿಗೋ, ತನಗೋ.
ಆ ದಿನ ನನ್ನ ಕಿವಿಗೆ ಬಿದ್ದ ಅವನ ಮೊದಲ ಮಾತು.

ಹೊಸದು ಗುರುವಾರ ಅಂಚೆಯಲ್ಲಿ ಬಂತು, ತೊಂಬತ್ತು ಡಾಲರು.
ಇದನ್ನೂ ಕುದಿಸಲೇಬೇಕೆಂದು ಹಟ ಹಿಡಿದ.
ಕುದಿಸಿದೆವು.
ಉಗುರಿನಷ್ಟು, ಬರೀ ಉಗುರಿನಷ್ಟು ಹೊರಬಂತು ಕಡ್ಡಿ,
ಚಿಪ್ಪಿನಿಂದ ಇಣುಕಿದ ಆಮೆಯ ಮೂತಿ.
ಮಾವ ಹೋ ಎಂದು ನಕ್ಕ.
ಮತ್ತೆ ತಣ್ಣೀರಿಗೆ ಹಾಕಿದ, ಮತ್ತೆ ಬಿಸಿಗೆ,
ಮೂರು ಸಲ, ಒಲೆ ಆರಿಸಗೊಡದೆ.

ಶನಿವಾರ ಅದೇ ಏರು. ಹದಿನೇಳು ಟಗರು,
ಒಂದನ್ನು ಈ ನಡುವೆ ಯಾರೋ ಕೊಂಡಿದ್ದರು.
ಮುಳ್ಳು ನೂರ ತೊಂಬತ್ತರಲ್ಲಿ ತೂಕಡಿಸುತ್ತಿತ್ತು,
ಟೈರಿನಡಿ ಮಿಡತೆ ಚಟಪಟ.
ತಿರುವು ದಾಟಿದ್ದೇ ಮಾವ ಶುರುಮಾಡಿದ:
ಹದಿನಾರರಲ್ಲಿ ಈ ದೇಶಕ್ಕೆ ಬಂದದ್ದು,
ಮೊದಲ ಚಳಿಗಾಲ ಗುಡ್ಡದ ಮೇಲೆ ಕುರಿಗಳ ಜೊತೆ,
ನಾಲ್ಕು ತಿಂಗಳು ಇನ್ನೊಂದು ಮನುಷ್ಯದನಿ ಕೇಳದ್ದು,
ಹೆಸರು ಮರೆಯದಿರಲೆಂದು
ತನ್ನನ್ನು ತಾನೇ ಕೂಗಿಕೊಂಡದ್ದು.

ನಾಯಿ ತಲೆಯೆತ್ತಿ ಅವನನ್ನು ನೋಡಿತು.
ಇದು ತನಗಲ್ಲವೆಂದು ತಿಳಿದು
ಮತ್ತೆ ಮಲಗಿತು.