ತಂತಿ ಸಾಲಲಿಲ್ಲ

ಪಿಕಿನ್‌ನ ಮರಳುಗಲ್ಲಿಯಲ್ಲಿ ಆಗಸ್ಟ್ ಎಂದರೆ
ಮಂಚದ ಕಾಲಿಗೆ ನಾಲ್ಕು ಇಟ್ಟಿಗೆ.
ಆಮೇಲೆ ಇನ್ನೆರಡು.
ಆಮೇಲೆ ಮಂಚವೇ ಬೇಡ, ತಾರಸಿ.

ಇಪ್ಪತ್ತು ವರ್ಷದ ಹಿಂದೆ ಇದೇ ಬಯಲಿನಲ್ಲಿ
ನಾನು ಬೀಟ್ ಕೊಡುತ್ತಿದ್ದೆ, ಬಿರಾಮ್ ಮಾತು ಕೊಡುತ್ತಿದ್ದ.
ಕೊಡುತ್ತಿದ್ದ ಅಂದೆನೆ? ಎಸೆಯುತ್ತಿದ್ದ.
ಒಡಕು ಸ್ಪೀಕರಿಗೆ ಅಂಗಡಿಯವನ ಕರೆಂಟು ಕದ್ದು
ಡಕಾರಿನ ಶೋಕಿ ಹುಡುಗರು ಹೆದರಿ ವಾಪಸಾಗಬೇಕು,
ಅದೊಂದೇ ನಮ್ಮ ರಾಜಕೀಯ.
ಮೈಕು ಅವನ ಕೈಗೆ ಸಿಕ್ಕರೆ
ನಾಯಿ ಬಾಯಿಗೆ ಮೂಳೆ ಸಿಕ್ಕಂತೆ,
ಬಿಡಿಸಿಕೊಳ್ಳುವವರಿಲ್ಲ.

ಈಗ ಬಿರಾಮನಿಗೆ ನಲವತ್ತಮೂರು.
ಮೂಗಿನ ತುದಿಗೆ ಕನ್ನಡಕ, ಜೇಬಿನಲ್ಲಿ ಅಳತೆ ಟೇಪು.
ಯಾವ ಗಲ್ಲಿಯಲ್ಲಿ ನೀರು ಮೊಣಕಾಲು, ಎಲ್ಲಿ ಸೊಂಟ,
ಗೋಡೆಗೋಡೆಗೂ ಇದ್ದಿಲ ಗೆರೆ ಎಳೆದಿದ್ದಾನೆ.
ಮೊದಲು ಅದೇ ಗೋಡೆಗಳ ಮೇಲೆ ಅವನ ಹೆಸರಿತ್ತು
ಆಳೆತ್ತರದ ಅಕ್ಷರದಲ್ಲಿ.
ನೀರು ಅದನ್ನು ಕೆಳಗಿನಿಂದ ತಿಂದಿದೆ.

ಭಾನುವಾರ ಸಂಜೆ ಸಭೆ.
ಪುರಸಭೆಯ ಗುಮಾಸ್ತ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂತ,
ಎದ್ದು ಹೋಗಲು ಸುಲಭವಾಗುವಂತೆ.
ಹದಿನಾರರ ರಮಾತಾ ಮೊದಲು ಒಂದು ಪದ ಹೇಳಿದಳು,
ಪಂಪಿನ ಡೀಸೆಲ್ಲು ಯಾರ ಕಾರಿನ ಹೊಟ್ಟೆ ಸೇರಿತು ಎಂದು.
ಜನ ಸೀಟಿ ಹೊಡೆದರು. ಗುಮಾಸ್ತ ಮೊಬೈಲು ನೋಡಿಕೊಂಡ.

ಆಗ ಹಿಂದಿನ ಸಾಲಿನಿಂದ ಒಂದು ಕೈ.
ಯಾಂಡೆ, ಒಣಮೀನು ಮಾರುವವಳು.
ಮುಂದೆ ಬಾಮ್ಮ ಅಂದರೆ, ಮಂಡಿ ಕೇಳುವುದಿಲ್ಲ ಅಂದಳು.
ಬಿರಾಮ್ ಮೈಕು ಹಿಡಿದು ನಡೆದ.
ಆರು ಹೆಜ್ಜೆಗೆ ತಂತಿ ಮುಗಿಯಿತು.
ನಮ್ಮ ತಂತಿ ಯಾವತ್ತೂ ಅಷ್ಟೇ ಇತ್ತು;
ವೇದಿಕೆ ದಾಟುವ ಕೆಲಸ ಅದಕ್ಕೆ ಬಿದ್ದಿರಲಿಲ್ಲ.
ನಾನೂ ಮತ್ತಿಬ್ಬರೂ ಸೇರಿ
ಸ್ಪೀಕರನ್ನೇ ಹೊತ್ತು ಅವಳ ಹತ್ತಿರ ಇಟ್ಟೆವು.

"ಡೀಸೆಲ್ಲಿನ ಮಾತು ಆಮೇಲೆ," ಅಂದಳು.
"ನಿನ್ನ ಮೊದಲ ಕ್ಯಾಸೆಟ್ಟು, ಹಿಂಬದಿ, ಎರಡನೆಯದು.
ಸಂತೆ ಹೆಂಗಸರ ಬಾಯಿ ಪಾಳುಬಾವಿ,
ಕುಡಿಯಲು ನೀರಿಲ್ಲ, ಬರೀ ಕಪ್ಪೆ.
ನೀನೇ ಹೇಳಿದ್ದು.
ನನ್ನ ಮಗಳು ಶಾಲೆಗೆ ಹೊರಟರೆ
ಹುಡುಗರು ವಟವಟ ಅನ್ನುತ್ತ ಹಿಂದೆ ಬರುತ್ತಿದ್ದರು.
ಎರಡು ವರ್ಷ. ಮೂರನೆಯ ವರ್ಷ ಅವಳು ಹೋಗಲಿಲ್ಲ.
ಈಗ ನನ್ನ ಕೋಣೆಯಲ್ಲಿ ನಿಜದ ಕಪ್ಪೆಗಳಿವೆ.
ಇವನ್ನು ಓಡಿಸುತ್ತೇನೆ ಅನ್ನುತ್ತೀಯ, ಸರಿ.
ಅವನ್ನು?"

ಮಾತು ಆಡಿದರೆ ಹೋಯಿತು ಅನ್ನುತ್ತಾರೆ.
ಎಲ್ಲಿ ಹೋಗುತ್ತದೆ?
ಯಾರದೋ ಮಗಳ ಬೆನ್ನ ಹಿಂದೆ
ಇಪ್ಪತ್ತು ವರ್ಷ ನಡೆಯುತ್ತದೆ.
ಆ ನಡಿಗೆಗೆ ತಾಳ ಹಾಕಿದವನು ನಾನು.

ನನ್ನ ಬೆರಳು ರೂಢಿಯಂತೆ ಗುಂಡಿಯ ಕಡೆ ಹೋಯಿತು,
ಅವನು ತಡವರಿಸಿದಾಗಲೆಲ್ಲ
ಡ್ರಮ್ಮು ಏರಿಸಿ ಮರೆಮಾಡಿದ ಬೆರಳು.
ಬಿರಾಮ್ ತಲೆಯಾಡಿಸಿದ: ಬೇಡ.
ಪ್ರಾಸವಿಲ್ಲದ, ತಾಳವಿಲ್ಲದ ಅವನ ದನಿ
ಅವತ್ತೇ ಮೊದಲು ಕೇಳಿದ್ದು. ಅಷ್ಟೇನೂ ದಪ್ಪವಿರಲಿಲ್ಲ.
"ತಪ್ಪಾಯಿತು," ಅಂದ. "ಅವಳ ಹೆಸರೇನು?"
"ಹೆಸರು ಯಾಕೆ, ಇನ್ನೊಂದು ಹಾಡಿಗಾ?"
ಕೆಲವರು ನಕ್ಕರು.
ಅವನೂ ನಗಲು ನೋಡಿ, ಬಿಟ್ಟ.

ಸಭೆ ಸಂಜೆಯ ಬಾಂಗಿನವರೆಗೆ ನಡೆಯಿತು, ಬಾಂಗಿನ ಆಮೇಲೂ.
ಕಾಲುವೆ ಎತ್ತ ತಿರುಗಬೇಕೆಂದು ಅಣ್ಣತಮ್ಮಂದಿರೇ ಜಗಳವಾಡಿದರು.
ಕೈಯಿಂದ ಕೈಗೆ ಹೋಗಿ ಮೈಕು
ಮೀನಿನ ವಾಸನೆ, ಗ್ರೀಸಿನ ವಾಸನೆ ಹಿಡಿಯಿತು.
ಗುಮಾಸ್ತ ಎದ್ದ. ದಾರಿಗೆ ಅಡ್ಡ ಸ್ಪೀಕರಿತ್ತು.
ಮತ್ತೆ ಕೂತ. ಕಾಗದಕ್ಕೆ ಸಹಿ ಬಿತ್ತು.

ಗುರುವಾರ ಪಂಪು ಬಂತು, ಅರ್ಧ ಡೀಸೆಲ್ಲಿನೊಂದಿಗೆ.
ಉಳಿದರ್ಧಕ್ಕೆ ರಮಾತಾ ಹೊಸ ಪದ ಕಟ್ಟುತ್ತಿದ್ದಾಳೆ,
ಯಾಂಡೆ ಪಕ್ಕದಲ್ಲಿ ಕೂತು ತಿದ್ದುತ್ತಾಳೆ:
"ಏಳು ಮನೆಯಲ್ಲ, ಒಂಬತ್ತು.
ಪ್ರಾಸ ಕೆಟ್ಟರೆ ಕೆಡಲಿ."

ಬಿರಾಮ್ ಪೇಟೆಗೆ ಹೋಗಿದ್ದಾನೆ,
ಮೂವತ್ತು ಮೀಟರು ತಂತಿ ತರಲು.