ಕೋಳಿ ಕೆದರಿದ ಹಾಗೆ

ಕಾಗೆಕಾಲು ಗುಬ್ಬಿಕಾಲು ಅಂದಿದ್ದರೆ
ಅದು ಎಲ್ಲರಿಗೂ ಅನ್ನುವ ಮಾತು,
ಸಂಜೆಗೆ ಮರೆತುಹೋಗುತ್ತಿತ್ತು.
ವಿಶಾಲಾಕ್ಷಮ್ಮ ಮಿಸ್ಸು ಕಲ್ಲೇಶನ ಕಾಪಿಪುಸ್ತಕವನ್ನು
ಎರಡೇ ಬೆರಳಲ್ಲಿ ಎತ್ತಿ ಹಿಡಿದು ಅಂದರು:
'ತಿಪ್ಪೇಲಿ ಕೋಳಿ ಕೆದರಿದ ಹಾಗಿದೆಯಲ್ಲೋ.'
ಆಮೇಲೆ ನನ್ನದನ್ನು ಎತ್ತಿ,
'ಇದು ನೋಡಿ, ಮುತ್ತು ಪೋಣಿಸಿದ ಹಾಗೆ.'

ಒಂದೇ ಬೆಂಚು ನಮ್ಮದು.
ಬೀರೂರಿನ ರೈಲ್ವೆ ಗೇಟಿನ ಪಕ್ಕದ ಶಾಲೆ,
ಐದನೇ ಕ್ಲಾಸು, ಕಿಟಕಿ ಕಡೆಯ ಮೂರನೇ ಸಾಲು.

ಮಿಸ್ಸು ಹೊಡೆಯಲಿಲ್ಲ, ಬೈದದ್ದೂ ಅಲ್ಲ,
ಹೇಳುತ್ತ ಸ್ವಲ್ಪ ನಕ್ಕರು ಕೂಡ.
ಆ ನಗುವೇ ನಮಗೆ ಗಂಟೆ ಹೊಡೆದಂತೆ.
ಊಟದ ಸಾಲಿನಲ್ಲಿ ಯಾರೋ ಕೊಕ್ಕೊಕ್ಕೋ ಅಂದರು,
ನಲ್ಲಿಯ ಹತ್ತಿರ ಓಂಕಾರಿ ಅವನ ಮುಂದೆ ರಾಗಿ ಚೆಲ್ಲಿದ,
ಗುರುವಾರದ ಹೊತ್ತಿಗೆ ಅವನ ಅಂಗಿಯಿಂದ ತಿಪ್ಪೆಯ ವಾಸನೆ
ನಮಗೆ ನಿಜವಾಗಿಯೂ ಬರತೊಡಗಿತು.
ಅವರಪ್ಪ ಮಂಡಿಯಲ್ಲಿ ಹಮಾಲಿ,
ಬಂದಿದ್ದರೆ ಈರುಳ್ಳಿಯದು ಬರಬೇಕಿತ್ತು.

ನಾನೇನೂ ಕೂಗಲಿಲ್ಲ.
ಒಂದು ಗೇಣು ಈಚೆ ಸರಿದು ಕೂತೆ, ಅಷ್ಟೆ.
ಮುತ್ತಿಗೆ ಮಣ್ಣು ಹತ್ತಬಾರದಲ್ಲ.

ಕಾರ್ತಿಕದಲ್ಲಿ ಮಿಸ್ಸಿಗೆ ಕಾಮಾಲೆ.
ತರೀಕೆರೆಯಿಂದ ಗಫೂರ್ ಮೇಷ್ಟ್ರು ಬಂದರು, ಮೂರು ವಾರಕ್ಕೆ.
ಅವರಿಗೆ ಕೋಳಿಯ ಕಥೆ ಗೊತ್ತಿರಲಿಲ್ಲ.
ಗೇಟು ಬಿದ್ದು, ಅಜ್ಜಂಪುರದ ಕಡೆಯ ಗೂಡ್ಸು
ಪಾಠವನ್ನೆಲ್ಲ ನುಂಗಿಕೊಂಡು ಹೋದ ಮೇಲೆ
'ಎಷ್ಟು ಡಬ್ಬಿ ಇತ್ರೋ?' ಅಂದರು, ಸುಮ್ಮನೆ.
'ನಲವತ್ತೆರಡು ಸಾ, ಗಾರ್ಡಿಂದು ಬಿಟ್ಟು.'
ಕಲ್ಲೇಶ ಕಿಟಕಿಯ ಕಡೆ ತಿರುಗಿಯೂ ಇರಲಿಲ್ಲ.
'ಸದ್ದಲ್ಲೇ ಎಣಿಸಿದೆಯಾ!
ಇವನ ಕಿವೀಲಿ ಮಗ್ಗಿ ಕೂತಿದೆ ಕಣ್ರೋ.'

ಮಾರನೇ ದಿನ ನಮ್ಮ ಬೆಂಚಿನ ಸುತ್ತ ಗುಂಪೋ ಗುಂಪು.
ಲೆಕ್ಕ ತೋರಿಸೋ ಕಲ್ಲೇಶ, ನಮ್ಮ ಕಡೆ ಆಡೋ ಕಲ್ಲೇಶ.
ರಾಗಿ ಚೆಲ್ಲಿದ ಓಂಕಾರಿಯೇ
ನೆಲ್ಲಿಕಾಯಿ ಕಚ್ಚಿ ಅರ್ಧ ಕೊಟ್ಟ.
ಅದೇ ಅಂಗಿ. ಅದೇ ಅಕ್ಷರ.
ನಾನೂ ಆ ಒಂದು ಗೇಣು ವಾಪಸು ಸರಿದೆ.

ಮಿಸ್ಸು ಮರಳಿದ ದಿನ ಹಾಜರಿ ಕೂಗುತ್ತ
ಅವನ ಹೆಸರಿಗೆ ಒಮ್ಮೆ ತಲೆಯೆತ್ತಿದರು:
'ಏನೋ, ಕೆದರೋದು ಬಿಟ್ಟೆಯಾ?'
ಪಾಪ, ಪ್ರೀತಿಯಿಂದಲೇ ಕೇಳಿರಬೇಕು.
ಊಟದ ಸಾಲಿನಲ್ಲಿ ಕೊಕ್ಕೊಕ್ಕೋ.

ಆ ಮೂರು ವಾರ ನಾವು ಒಳ್ಳೆಯವರಾಗಿದ್ದೆವು ಎಂದು
ಬಹಳ ವರ್ಷ ನಂಬಿಕೊಂಡಿದ್ದೆ.
ಎಲ್ಲಿಯದು. ಎರಡು ಸಲವೂ ನಾವು
ಹೇಳಿದ ಮಾತು ಕೇಳುವ ಮಕ್ಕಳು.

ಆರನೇ ಕ್ಲಾಸಿಗೆ ಅವನು ಬರಲಿಲ್ಲ.
ಯಾರೂ ಹೇಳದ್ದರಿಂದ
ನಾವು ಗಮನಿಸಲೂ ಇಲ್ಲ.

ಈಗಲೂ ಗೇಟು ಬಿದ್ದರೆ ಬೈಕು ಆರಿಸಿ
ಕಣ್ಣು ಮುಚ್ಚಿ ಡಬ್ಬಿ ಎಣಿಸುತ್ತೇನೆ.
ಇಪ್ಪತ್ತರ ಆಚೆಗೆ ತಪ್ಪಿಹೋಗುತ್ತದೆ.
ಅವನ ಮುಖ ನೆನೆಯಹೋದರೆ
ಮೊದಲು ಕೋಳಿ ಬರುತ್ತದೆ,
ಅದರ ಹಿಂದೆ ಮೇಷ್ಟರ ಮಾತು.

ನನ್ನ ಕಣ್ಣಲ್ಲೇ ಕಂಡದ್ದು ಅಂತ ಒಂದಿದೆ.
ಓಣಿಯಲ್ಲಿ ಮಿಸ್ಸಿನ ಚಪ್ಪಲಿ ಸದ್ದಾಗುತ್ತಲೂ
ಕಲ್ಲೇಶ ಪೆನ್ಸಿಲನ್ನು ಎಡಗೈಯಿಂದ
ಮೆಲ್ಲಗೆ ಬಲಗೈಗೆ ದಾಟಿಸಿಕೊಳ್ಳುತ್ತಿದ್ದ.
ದಿನಾ.
ಪಕ್ಕದಲ್ಲೇ ಕೂತಿದ್ದೆ.