ನಾಲ್ಕನೇ ಫ್ಲಾಪಿ

ವೂಚ್ ಊರಿನ ಹಳೆಸಾಮಾನಿನ ಸಂತೆಯಲ್ಲಿ
ಹನ್ನೆರಡು ಝ್ಲೋಟಿಗೆ ತಂದೆ:
ಆರು ಫ್ಲಾಪಿ, ಒಂದಕ್ಕೆ ಕಾಫಿ ಕಲೆ.
ನಾಲ್ಕನೆಯದನ್ನು ಓದುವಾಗ ಡ್ರೈವು
ಒಣಕೆಮ್ಮು ಕೆಮ್ಮಿತು.

ಕೊನೆಗೂ ಕೋಟೆ ಕಂಡಿತು. ಕಂಡರೇನು,
ಹಳೆ ಆಟಕ್ಕೆ ಹೊಸ ಯಂತ್ರದ ಓಟ:
ರೆಪ್ಪೆ ಬಡಿಯುವಷ್ಟರಲ್ಲಿ ಮೂರು ಸೂರ್ಯೋದಯ,
ಕಾವಲುಗಾರ ಏನೋ ಅಂದ, ಅಕ್ಷರ ಮಾಯ,
ಒಂದು ಹೆಜ್ಜೆ ಇಡುವ ಮೊದಲೇ
ನನ್ನ ಯೋಧ ಹಸಿದು ಸತ್ತ.
ಮತ್ತೆ ಸತ್ತ.

"ದಿನವಿಡೀ ಟ್ರಾಮು ಓಡಿಸ್ತೀಯ,
ಬ್ರೇಕು ಎಲ್ಲಿದೆ ಗೊತ್ತಿಲ್ವಾ ಮಾರಾಯ?"
ಹಾಸಿಗೆಯಿಂದಲೇ ಬೊಗ್ನಾ.

ಗೊತ್ತಾಯಿತು, ರಾತ್ರಿ ಎರಡಕ್ಕೆ.
ವೇಗ ಇಳಿಸಿದೆ, ಇನ್ನಷ್ಟು ಇಳಿಸಿದೆ,
ಇಗರ್ಜಿ ತಿರುವಿನಲ್ಲಿ
ಕಂಬಿ ಕಿರುಗುಟ್ಟದಂತೆ ಇಳಿಸುವ ಹಾಗೆ.

ಸದ್ದು ಮಾತ್ರ ಬರಲೇ ಇಲ್ಲ.
ಮೂಕ ಮಳೆ. ಮೂಕ ಕುದುರೆ.
ಕಾವಲುಗಾರ ಈಗ ಬಿಡಿಸಿ ಕೇಳಿದ:
ಕೈಪಿಡಿಯ ಹದಿನೇಳನೇ ಪುಟ, ಮೂರನೇ ಸಾಲು,
ಐದನೇ ಪದ ಯಾವುದು?

ಕೈಪಿಡಿ ಎಲ್ಲಿಂದ ತರಲಿ!
ಫ್ಲಾಪಿ ತಿರುಗಿಸಿದೆ. ಚೀಟಿಯ ಅಂಚಿನಲ್ಲಿ
ಯಾವುದೋ ಹುಡುಗನ ಪೆನ್ಸಿಲ್ಲು,
ಒಮ್ಮೆ ಅಳಿಸಿ ಬರೆದದ್ದು:
ಉಪ್ಪು.

ಬಾಗಿಲು ತೆರೆಯಿತು.

ಮೊದಲ ಟ್ರಾಮಿನ ಹೊತ್ತಾಯಿತೆಂದು
ಆಟ ಉಳಿಸಹೋದರೆ ಜಾಗವಿಲ್ಲ:
ಹತ್ತೂ ಸಾಲಿನಲ್ಲಿ ಒಂದೇ ಹೆಸರು, ವೆಶೆಕ್.
ಅಳಿಸಲೇ, ಎಂದಿತು ಯಂತ್ರ.

ಅವನ ಉಪ್ಪಿನಿಂದ ಒಳಬಂದವನು.
ಬೇಡ ಎಂದು ಒತ್ತಿ
ಕೋಟು ಹುಡುಕಿದೆ.